ದೊಡ್ಡ ಟೈರಿನ ಲೆಕ್ಕ

ಹಳೇ ಪಿಕಪ್‌ಗೆ ದೊಡ್ಡ ಟೈರ್ ಹಾಕಿಸಿದರೆ ಗತ್ತು ಬರುತ್ತೆ, ಎರಡು ಮಾತಿಲ್ಲ. ಆದರೆ ಲೆಕ್ಕ ನೋಡಿ. 215/75 ಆರ್15 ತೆಗೆದು 235/75 ಆರ್15 ಹಾಕಿದರೆ ಚಕ್ರದ ವ್ಯಾಸ 30 ಮಿ.ಮೀ. ಹೆಚ್ಚುತ್ತೆ. ಗಾಡಿ ಏರೋದು ಅದರರ್ಧ, ಬರೀ 15 ಮಿ.ಮೀ.

ಮೊದಲು ಸರಿಯಿದ್ದ ಸ್ಪೀಡೋಮೀಟರ್ ಮುಳ್ಳು ಈಗ 80 ತೋರಿಸುವಾಗ ಗಾಡಿ 83 ದಾಟಿರುತ್ತೆ. ಕಿಲೋಮೀಟರ್ ಲೆಕ್ಕವೂ ಕಡಿಮೆಯೇ ಬರುತ್ತೆ. ಲೋಡ್ ತುಂಬಿ ಘಾಟಿ ಹತ್ತುವಾಗ ಮೂರನೇ ಗೇರಲ್ಲಿ ಏರುತ್ತಿದ್ದದ್ದು ಎರಡನೇದು ಕೇಳಬಹುದು. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಮಡ್‌ಗಾರ್ಡಿಗೆ ಟೈರ್ ಉಜ್ಜುತ್ತಾ ಅಂತ ಅಂಗಡಿಯಲ್ಲೇ ನೋಡಿಬಿಡಿ. ಹೊಸ ಟೈರಿನ ಲೋಡ್ ಇಂಡೆಕ್ಸ್ ಹಳೆಯದಕ್ಕಿಂತ ಕಡಿಮೆ ಇರಲೇಬಾರದು.

ಇಷ್ಟೆಲ್ಲ ಆ 15 ಮಿ.ಮೀ.ಗೆ. ಒಪ್ಪಿಗೆಯಿದ್ದರೆ ಹಾಕಿಸಿ, ಗತ್ತಿಗೂ ಒಂದು ಬೆಲೆ ಇದ್ದೇ ಇದೆ!