ಅವಸರದ ಅಂಟು

‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆಯನ್ನು ನಾವು ಪ್ರತಿವರ್ಷವೂ ಕರಿಹಲಗೆಯ ಮೇಲೆ ಬರೆದು, ಮಕ್ಕಳಿಂದ ವಿಸ್ತರಿಸಿ ಬರೆಯಿಸುತ್ತೇವೆ. ಅದರ ಅರ್ಥವು ನಮಗೆ ತಿಳಿದದ್ದು ಮಾತ್ರ ಒಂದು ಸಾಯಂಕಾಲ, ಕಿರುಬೆರಳಿನಷ್ಟು ಉದ್ದದ ಒಂದು ಅಂಟಿನ ಕೊಳವೆಯಿಂದ. ವಾಚಕರಲ್ಲಿ ಬಹುಜನರು ನಮ್ಮಂತೆ ಶಿಕ್ಷಕರು; ಉಳಿದವರು ಶಿಕ್ಷಕರನ್ನು ನಂಬಿ ಕೈಚಾಚುವ ವಿದ್ಯಾರ್ಥಿಗಳು. ಆದುದರಿಂದ ಈ ಸಂಗತಿಯನ್ನು ಮುಚ್ಚಿಡದೆ ಹೇಳುವದೇ ಲೇಸೆಂದು ತೋರಿತು.

ನಾವಿರುವ ಧರೂರು ಗದ್ವಾಲದ ಕಡೆಯ ಊರು. ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಜುರಾಲಾ ಅಣೆಕಟ್ಟು ಈ ಸೀಮೆಯಲ್ಲಿಯೇ ಇದೆ. ಮಳೆಗಾಲದಲ್ಲಿ ಅದರ ಬಾಗಿಲುಗಳನ್ನು ಎತ್ತಿದರೆಂಬ ಸುದ್ದಿ ಬಂತೆಂದರೆ ನಮ್ಮ ಮಕ್ಕಳಿಗೆ ಜಾತ್ರೆಯೇ ಸರಿ. ಹೀಗಿರಲು, ವಸ್ತುಪ್ರದರ್ಶನಕ್ಕೆ ಏನು ಮಾಡೋಣವೆಂದು ಕೇಳಿದಾಗ ನಾಲ್ಕನೆಯ ತರಗತಿಯವರು ಒಕ್ಕೊರಲಿನಿಂದ ‘ಡ್ಯಾಮು’ ಎಂದುದರಲ್ಲಿ ಆಶ್ಚರ್ಯವಿಲ್ಲ. ಐಸ್‌ಕ್ಯಾಂಡಿಯ ಕಡ್ಡಿಗಳು, ಹಣ್ಣಿನ ಪೆಟ್ಟಿಗೆಯ ತೆಳುಹಲಗೆಗಳು, ಬಿದಿರಿನ ಸೀಳುಗಳು ಎರಡೇ ದಿನಗಳಲ್ಲಿ ಕೂಡಿದವು. ಬಾಗಿಲುಗಳು ಮೇಲಕ್ಕೂ ಕೆಳಕ್ಕೂ ಸರಿದಾಡಲೇಬೇಕೆಂಬುದು ಮಕ್ಕಳ ಹಟ. ಏಳದ ಬಾಗಿಲಿನಿಂದ ನೀರು ಬಿಡುವದು ಹೇಗೆ?

ಶಾಲೆಯಲ್ಲಿ ಬಡಿಗರ ಬಿಳಿಯ ಅಂಟಿನ ಡಬ್ಬಿ ಇತ್ತು. ಆದರೆ ಅದನ್ನು ಹಚ್ಚಿದ ಮೇಲೆ ದಾರ ಸುತ್ತಿ ಅರ್ಧ ತಾಸು ಅಲುಗದಂತೆ ಇಡಬೇಕು. ಪೂರ್ಣ ಬಲ ಬರಲು ಒಂದು ರಾತ್ರಿ ಬೇಕು. ಪ್ರದರ್ಶನವೋ ಮರುದಿನ ಬೆಳಿಗ್ಗೆ! ಬೇರೆ ಶಾಲೆಯವರೆದುರು ನಮ್ಮ ಮಾದರಿಯೇ ಮೇಲಾಗಬೇಕೆಂಬ ಆಸೆ, ನಿಜ ಹೇಳಬೇಕೆಂದರೆ, ಮಕ್ಕಳಿಗಿಂತ ನಮಗೇ ಹೆಚ್ಚಾಗಿತ್ತು. ಅಂಗಡಿಗೆ ಹೋಗಿ, ಕ್ಷಣದಲ್ಲಿ ಹಿಡಿಯುವ ಅಂಟಿನ ನಾಲ್ಕು ಕೊಳವೆಗಳನ್ನು ತಂದೆವು.

ಮೊದಲು ಕೆಲವು ನಿಮಿಷ ಎಲ್ಲವೂ ಗಾರುಡಿಗನ ಆಟದಂತೆ ನಡೆಯಿತು. ಒಂದು ಹನಿ ಇಟ್ಟು ಹತ್ತು ಎಣಿಸುವಷ್ಟರಲ್ಲಿ ಕಂಬ ನಿಲ್ಲುತ್ತಿತ್ತು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಅಷ್ಟರಲ್ಲಿ ಒಂದು ಕಂಬ ಓರೆಯಾಗಿ ನಿಂತಿತು. ಅದನ್ನು ನೆಟ್ಟಗೆ ಮಾಡಲು ಒಬ್ಬ ಹುಡುಗ ಕೈ ಹಾಕಿದ. ಕಂಬ ನೆಟ್ಟಗಾಗಲಿಲ್ಲ, ಅವನ ಹೆಬ್ಬೆರಳೂ ತೋರುಬೆರಳೂ ಒಂದಾದವು. ನಾವು ಗಾಬರಿಯಿಂದ ಹಲಗೆ ಒರೆಸುವ ಹತ್ತಿಯ ಅರಿವೆಯಿಂದ ಅಂಟನ್ನು ಒರೆಸಹೋದೆವು. ಅರಿವೆ ಸುಡತೊಡಗಿತು, ಹುಡುಗ ಚೀರಿದ. ಬುದ್ಧಿಗೆಟ್ಟು ಬೆರಳುಗಳನ್ನು ಹಿಡಿದೆಳೆದೆವು. ಅಂಚಿನ ತೊಗಲು ಕಿತ್ತು ಬಂತು. ‘ಜಗ್ಗಬ್ಯಾಡ್ರೀ ಸರ!’ ಎಂದು ಬಿಸಿಯೂಟದ ಅಕ್ಕ ಓಡಿಬಂದರು. ಬೆಚ್ಚನೆಯ ಸಾಬೂನು ನೀರಿನಲ್ಲಿ ಅವನ ಕೈಯನ್ನು ಬಹಳ ಹೊತ್ತು ಅದ್ದಿಟ್ಟು, ಬೆರಳಿನ ಮೇಲೆ ಬೆರಳನ್ನು ಮೆಲ್ಲಗೆ ಹೊರಳಿಸುತ್ತ ಹೊರಳಿಸುತ್ತ ಬಿಡಿಸಿದರು. ಇತ್ತ ಮೇಜಿನ ಮೇಲೆ, ತೆಳುವಾದ ಅಂಟು ತಾನೇ ಸಂದುಗಳೊಳಗೆ ಹರಿದು, ಸರಿದಾಡಬೇಕಾದ ಬಾಗಿಲುಗಳನ್ನೆಲ್ಲ ಕಂಬಗಳಿಗೆ ಬೆಸೆದುಬಿಟ್ಟಿತ್ತು.

ಮರುದಿನ ಹುಡುಗನ ತಂದೆ ಬಂದರು. ವೃತ್ತಿಯಿಂದ ಬಡಿಗರು. ಬೈಗಳನ್ನು ಕೇಳಲು ನಾವು ಸಿದ್ಧರಾಗಿಯೇ ನಿಂತಿದ್ದೆವು. ಅವರು ಬೈಯಲಿಲ್ಲ. ‘ರಾತ್ರೆಲ್ಲ ಅತ್ತಾನ್ರೀ ಸರ. ಬೆರಳಿಗಲ್ಲ, ಬಾಗಿಲ ಏಳಲಿಲ್ಲಂತ’ ಎಂದರು. ಆ ಮಾತು ನಮಗೆ ಬೈಗಳಿಗಿಂತ ಹೆಚ್ಚಾಗಿ ನೆಟ್ಟಿತು. ಬಳಿಕ ಮಾದರಿಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು, ‘ಕಟ್ಟಿಗೀಗೆ ಕಟ್ಟಿಗಿ ಮೊದಲ ಒಪ್ಪಬೇಕ್ರೀ. ಒಪ್ಪದಿದ್ರ ಅಂಟು ಏನ್ ಮಾಡೀತು?’ ಎಂದು ಕೇಳಿದರು. ಕಂಬದ ಬುಡದಲ್ಲಿ ಬೆಳಕು ಕಾಣುವಷ್ಟು ಸಂದಿತ್ತು.

ಅಂದಿನಿಂದ ಹದಿನೈದು ದಿನ ನಾವು ಕಡ್ಡಿಗೆ ಕಡ್ಡಿ ಅಂಟಿಸುವದು, ಮರುದಿನ ಮುರಿಯುವದು, ಓದುವದು, ಹೀಗೆ ಕಳೆದೆವು. ತಿಳಿದುದನ್ನು ಶಿಕ್ಷಕಬಂಧುಗಳ ಮುಂದೆ ಇಡುತ್ತೇವೆ.

ಕ್ಷಣದಲ್ಲಿ ಹಿಡಿಯುವ ಅಂಟಿನ ಹೆಸರು ಸಯನೊಅಕ್ರಿಲೇಟ್. 1942ರಲ್ಲಿ, ಯುದ್ಧಕಾಲದಲ್ಲಿ, ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪದಾರ್ಥವನ್ನು ಹುಡುಕುತ್ತಿದ್ದ ಅಮೆರಿಕೆಯ ಹ್ಯಾರಿ ಕೂವರ್ ಮತ್ತು ಅವರ ಸಂಗಡಿಗರಿಗೆ ಇದು ಎದುರಾಯಿತು. ಮುಟ್ಟಿದ್ದಕ್ಕೆಲ್ಲ ಅಂಟುವದೆಂದು ಬೇಸತ್ತು ಅದನ್ನು ಬದಿಗಿಟ್ಟರು. ಆ ದೋಷವೇ ಗುಣವೆಂದು 1951ರಲ್ಲಿ ಹೊಳೆಯಿತು. 1958ರಲ್ಲಿ ಅದು ಪೇಟೆಗೆ ಬಂತು. ಇದು ಒಣಗಿ ಗಟ್ಟಿಯಾಗುವದಲ್ಲ. ವಸ್ತುವಿನ ಮೇಲಿರುವ ಕಣ್ಣಿಗೆ ಕಾಣದ ತೇವವು ತಗುಲಿದೊಡನೆ ಗಟ್ಟಿಯಾಗುವದು. ಬೆವರಿದ ಬೆರಳನ್ನು ಅದು ಅಷ್ಟು ಬೇಗ ಹಿಡಿಯುವದು ಇದರಿಂದಲೇ. ಹತ್ತಿಯ ನೂಲಿನಲ್ಲಿ ಈ ಕ್ರಿಯೆಯು ಬಹು ವೇಗವಾಗಿ ನಡೆದು, ಮೈ ಸುಡುವಷ್ಟು ಕಾವು ಹುಟ್ಟುವದು. ಆದುದರಿಂದ ಅದನ್ನು ಹತ್ತಿಯಿಂದ ಎಂದೂ ಒರೆಸಬಾರದು. ಕಣ್ಣಿಗೆ ಸಿಡಿದರೆ ನೀರಿನಿಂದ ತೊಳೆಯುತ್ತ ವೈದ್ಯರ ಕಡೆಗೆ ಒಯ್ಯಬೇಕು. ರೆಪ್ಪೆಗಳನ್ನು ಎಳೆದು ಬಿಡಿಸಬಾರದು. ಇನ್ನೊಂದು ಮಾತು ನಮ್ಮನ್ನು ನಾಚಿಸಿತು: ಕ್ಷಣದಲ್ಲಿ ಹಿಡಿದರೂ ಈ ಅಂಟಿಗೆ ಪೂರ್ಣ ಬಲ ಬರಲು ಒಂದು ದಿನ ಬೇಕು! ನಾವು ಉಳಿಸಿದೆವೆಂದುಕೊಂಡ ರಾತ್ರಿಯನ್ನು ನಿಜವಾಗಿ ಉಳಿಸಿರಲೇ ಇಲ್ಲ.

ಇದು ಎಳೆತಕ್ಕೆ ಗಟ್ಟಿ, ಪೆಟ್ಟಿಗೆ ಪೆಡಸು. ಇದರಿಂದ ಕೂಡಿಸಿದ ಕಡ್ಡಿಗಳು ಮೇಜಿನಿಂದ ಬಿದ್ದೊಡನೆ ಕೂಡಿದ ಕಡೆಯಲ್ಲಿಯೇ ಸಿಡಿದು ಬೇರೆಯಾದವು. ಬಿಳಿಯ ಅಂಟಿನಿಂದ ಕೂಡಿಸಿ ಒಂದು ರಾತ್ರಿ ಇಟ್ಟ ಕಡ್ಡಿಗಳನ್ನು ತಿರುಚಿದರೆ, ಕೂಡಿಕೆ ಬಿಡುವ ಮೊದಲು ಕಟ್ಟಿಗೆಯ ಎಳೆಯೇ ಹರಿಯಿತು. ಭಾರತದಲ್ಲಿ 1959ರಲ್ಲಿ ಫೆವಿಕಾಲ್ ಎಂಬ ಹೆಸರಿನಿಂದ ಬಂದು ಮನೆಮಾತಾದದ್ದು ಈ ಜಾತಿಯ ಅಂಟೇ. ಇದರ ನೀರನ್ನು ಕಟ್ಟಿಗೆ ಹೀರುವದು, ಉಳಿದುದನ್ನು ಗಾಳಿ ಒಯ್ಯುವದು, ಕಣಗಳು ಒಂದಕ್ಕೊಂದು ಬೆರೆತು ಪದರಾಗುವವು. ಹಸಿಯಿರುವಾಗ ಕೈಯನ್ನು ನೀರಿನಿಂದ ತೊಳೆದರೆ ಸಾಕು. ಇದರಲ್ಲಿಯೇ ಬೇಗ ಹಿಡಿಯುವ ಬಗೆಯೂ ದೊರೆಯುತ್ತದೆ. ಅದು ಕೆಲವು ನಿಮಿಷಗಳಲ್ಲಿ ನಿಂತರೂ ಬೆರಳಿಗೆ ಅಪಾಯವಿಲ್ಲ. ಎರಡು ಕೊಳವೆಗಳಿಂದ ಹಿಂಡಿ ಬೆರೆಸುವ ಎಪಾಕ್ಸಿ ಸಂದನ್ನು ತುಂಬಬಲ್ಲದು. ಆದರೆ ತೊಗಲಿಗೆ ಒಗ್ಗದು, ಮಕ್ಕಳ ಕೈಗೆ ಸಲ್ಲದು.

ಹಿಂದಿನವರಿಗೂ ಬೇಗ ಹಿಡಿಯುವ ಅಂಟು ತಿಳಿಯದೆ ಇರಲಿಲ್ಲ. ದನದ ತೊಗಲು, ಮೂಳೆಗಳನ್ನು ಕುದಿಸಿ ಮಾಡಿದ ಸರೇಸು ಬಿಸಿಯಿರುವಾಗ ಹರಿಯುವದು, ಆರಿದೊಡನೆ ಹಿಡಿಯುವದು. ಮತ್ತೆ ಕಾವನ್ನೂ ತೇವವನ್ನೂ ಕೊಟ್ಟರೆ ಬಿಡುವದು. ಮುಂದೆ ಬಿಚ್ಚಿ ರಿಪೇರಿ ಮಾಡಬೇಕಾದ ವಾದ್ಯಗಳಿಗೆ ಇಂದಿಗೂ ಅದನ್ನು ಬಳಸುವದು ಇದಕ್ಕಾಗಿಯೇ. ಇನ್ನು ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಾರರು ಹಗುರ ಮರದ ಭಾಗಗಳನ್ನು ಕೂಡಿಸಲು ಹುಣಸೆಬೀಜದ ಅಂಟನ್ನು ಉಪಯೋಗಿಸುತ್ತ ಬಂದವರು. ಅದರಲ್ಲಿ ಅವಸರವೆಂಬುದೇ ಇಲ್ಲ.

ಆದುದರಿಂದ ನಾವು ಹೀಗೆ ನಿಶ್ಚಯಿಸಿಕೊಂಡೆವು. ಮೊದಲು ಉಪ್ಪುಕಾಗದದಿಂದ ಉಜ್ಜಿ, ಎರಡು ತುಂಡುಗಳ ನಡುವೆ ಬೆಳಕು ಕಾಣದಂತೆ ಹೊಂದಿಸುವದು. ಮಕ್ಕಳ ಕೈಗೆ ಬಿಳಿಯ ಅಂಟು. ಹೊತ್ತು ಕಡಿಮೆಯಿದ್ದರೆ ಅದರಲ್ಲಿಯೇ ಬೇಗ ಹಿಡಿಯುವದು. ತೆಳುವಾಗಿ ಹಚ್ಚಿ, ರಬ್ಬರು ಪಟ್ಟಿಯನ್ನಾಗಲಿ ಬಟ್ಟೆ ಸಿಕ್ಕಿಸುವ ಕ್ಲಿಪ್ಪನ್ನಾಗಲಿ ಹಾಕುವದು. ಕ್ಷಣದಲ್ಲಿ ಹಿಡಿಯುವ ಅಂಟು ಮುರಿದ ಚಿಕ್ಕ ಚೂರನ್ನು ಸೇರಿಸಲು ಮಾತ್ರ. ಅದೂ ಶಿಕ್ಷಕರ ಕೈಯಲ್ಲಿ, ಕಿಟಕಿ ತೆರೆದಿಟ್ಟು. ಸರಿದಾಡುವ ಭಾಗದ ಹತ್ತಿರ ಎಂದಿಗೂ ಅಲ್ಲ.

ಕಳೆದ ತಿಂಗಳು, ಯಾವ ಪ್ರದರ್ಶನವೂ ಇಲ್ಲದಿರುವಾಗ, ಅದೇ ಮಕ್ಕಳು ಅಣೆಕಟ್ಟನ್ನು ಮೊದಲಿನಿಂದ ಕಟ್ಟಿದರು. ಮೂರನೆಯ ಕಂಬ ಈ ಸಲವೂ ಓರೆಯಾಗಿತ್ತು. ಅಂಟು ಇನ್ನೂ ಹಸಿಯಾಗಿದ್ದುದರಿಂದ ಆ ಹುಡುಗನೇ ಅದನ್ನು ಕಂಡು, ಮೆಲ್ಲಗೆ ನೆಟ್ಟಗೆ ಮಾಡಿ, ದಾರ ಸುತ್ತಿದ. ಅವನ ಬೆರಳಿನ ತುದಿಯಲ್ಲಿ ತಿಳಿಬಣ್ಣದ ಗುರುತು ಇನ್ನೂ ಇತ್ತು. ಮರುದಿನ ಅವನು ಬಾಗಿಲುಗಳನ್ನು ಒಂದೊಂದಾಗಿ ಎತ್ತಿದ. ಉಳಿದವರು ಲೋಟದಿಂದ ನೀರು ಸುರಿದರು. ನೀರು ಹರಿದು ಹಾಜರಿ ಪುಸ್ತಕದವರೆಗೂ ಬಂತು. ನಾವು ಪುಸ್ತಕವನ್ನು ಮೇಲೆತ್ತಿ ಹಿಡಿದೆವೇ ಹೊರತು ಯಾರನ್ನೂ ಗದರಿಸಲಿಲ್ಲ.