ಎಲ್ ಬೋರ್ಡ್ ಬಿಚ್ಚಿದ ಮೇಲೆ

ಸಿರವಾರ, 3 ನವೆಂಬರ್ 2025, ಸೋಮವಾರ

ಮೊಮ್ಮಗಳ ಎಲ್‌ಎಲ್‌ಆರ್ ಬಂತು. ಕಾರಿಗೂ ಸ್ಕೂಟಿಗೂ ಸೇರಿ ಒಂದೇ ಹಾಳೆ, ಆರು ತಿಂಗಳ ಅವಧಿ. ಬಜಾರಿನ ಸ್ಟಿಕ್ಕರ್ ಬೇಡ ಅಂತ ನಾನೇ ಬಿಳಿ ರಟ್ಟು ಕತ್ತರಿಸಿ ಕೆಂಪು ಬಣ್ಣದಲ್ಲಿ ಎಲ್ ಬರೆದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅದಕ್ಕೂ ಅಳತೆ ಹೇಳಿದ್ದಾರೆ: ರಟ್ಟು 18 ಸೆಂ.ಮೀ. ಚೌಕ, ಅಕ್ಷರದ ಎತ್ತರ 10, ದಪ್ಪ 2, ಬುಡದ ಅಗಲ 9. ಇದಕ್ಕಿಂತ ಕಡಿಮೆ ಇರಬಾರದು. ನಾನು ಸ್ಕೇಲು ಇಟ್ಟು ಗೆರೆ ಎಳೆಯೋದನ್ನ ನೋಡಿ, "ತಾತಾ, ಪೊಲೀಸರು ಟೇಪ್ ಹಿಡ್ಕೊಂಡು ನಿಂತಿರ್ತಾರೇನು?" ಅಂತ ನಕ್ಕಳು. ಪೊಲೀಸರಿಗಲ್ಲವ್ವಾ, ಹಿಂದ ಬರೋ ಲಾರಿಯವನಿಗೆ ಅಂದೆ. ಮುಂದೊಂದು, ಹಿಂದೊಂದು ಕಟ್ಟಿದೆವು.

9 ನವೆಂಬರ್, ಭಾನುವಾರ

ಬೆಳಗ್ಗೆ ದೇವದುರ್ಗದ ರಸ್ತೆಗೆ ಕರೆದುಕೊಂಡು ಹೋದೆ. ಲಿಂಗಸುಗೂರು ರಸ್ತೆ ಸದ್ಯಕ್ಕೆ ಬೇಡ, ಅಲ್ಲಿ ಲಾರಿ ಜಾಸ್ತಿ. ಇಲ್ಲಿ ಲಾರಿ ಇಲ್ಲದಿದ್ದರೂ ಬೇರೆ ಪರೀಕ್ಷೆಗಳಿವೆ. ಅರ್ಧ ರಸ್ತೆಗೆ ಭತ್ತ ಹರವಿ ಸುತ್ತ ಕಲ್ಲು ಇಟ್ಟಿದ್ದಾರೆ. ಹತ್ತಿ ಹೇರಿದ ಟ್ರಾಲಿಗಳ ಹಿಂದೆ ಲೈಟೂ ಇಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ಕುರಿ ಮಂದೆ ಬಂದಾಗ ಗಾಬರಿಯಾಗಿ ಕ್ಲಚ್ ಬಿಟ್ಟಳು, ಗಾಡಿ ಜಿಗಿದು ಆಫ್ ಆಯಿತು. ಕುರಿಗಳಿಗೆ ಏನೂ ಅನಿಸಲಿಲ್ಲ.

ಕಲಿಯುವವರ ಪಕ್ಕದಲ್ಲಿ ಲೈಸನ್ಸ್ ಇದ್ದವರು, ಗಾಡಿ ಹಿಡಿತಕ್ಕೆ ತರಲು ಇಲ್ಲವೇ ನಿಲ್ಲಿಸಲು ಬರುವ ಹಾಗೆ ಕೂತಿರಬೇಕು ಅನ್ನೋದು ನಿಯಮ. ಡ್ರೈವಿಂಗ್ ಸ್ಕೂಲ್ ಕಾರಿನಲ್ಲಿ ಕಲಿಸುವವನ ಕಾಲಡಿಯೂ ಬ್ರೇಕ್ ಇರುತ್ತದೆ. ನಮ್ಮ ಕಾರಿನಲ್ಲಿ ನನ್ನ ಪಾಲಿಗಿರೋದು ನಡುವಿನ ಹ್ಯಾಂಡ್ ಬ್ರೇಕ್ ಒಂದೇ. ಎಡಗಡೆ ಕೂತು ರೂಢಿಯಿಲ್ಲದ ನನಗೆ ಬಲಗೈ ಅದರ ಮೇಲಿಂದ ಎತ್ತಲು ಮನಸ್ಸು ಬರಲಿಲ್ಲ. ನನ್ನ ಲೈಸನ್ಸೂ ಒಮ್ಮೆ ತೆಗೆದು ನೋಡಿಕೊಂಡೆ. ನಮ್ಮ ವಯಸ್ಸಿನವರಿಗೆ ಐದೈದು ವರ್ಷಕ್ಕೆ ನವೀಕರಣ, ಇನ್ನೂ ಚಾಲ್ತಿಯಲ್ಲಿದೆ.

ಸಂಜೆ ಸ್ಕೂಟಿ ಹಿಂದೆ ಗೆಳತಿಯನ್ನು ಕೂಡಿಸಿಕೊಂಡು ಹೊರಟಿದ್ದಳು, ಗೇಟಿನಲ್ಲೇ ಇಳಿಸಿದೆ. ಎಲ್‌ಎಲ್‌ಆರ್ ಇದ್ದಾಗ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂಡಿಸುವ ಹಾಗಿಲ್ಲ. ಮುಖ ಊದಿಸಿಕೊಂಡು ಊಟಕ್ಕೂ ತಡವಾಗಿ ಬಂದಳು.

16 ನವೆಂಬರ್, ಭಾನುವಾರ

ಪಕ್ಕದ ಓಣಿಯ ಹುಡುಗ, ಮೀಸೆ ಇನ್ನೂ ಸರಿಯಾಗಿ ಚಿಗುರಿಲ್ಲ, ಟ್ರ್ಯಾಕ್ಟರಿಗೆ ಹತ್ತಿ ಟ್ರಾಲಿ ಕಟ್ಟಿಕೊಂಡು ರಾಯಚೂರಿಗೆ ಹೊರಟಿದ್ದ. ಅವನ ಅಪ್ಪ ಚಹಾದಂಗಡಿಯಲ್ಲಿ ಸಿಕ್ಕ. ಕೇಳಿದರೆ, "ಹೊಲದಾಗ ದಿನಾ ಹೊಡೀತಾನ್ರಿ, ಕೈ ಛಲೋ ಅದ. ನಾನೂ ಅಷ್ಟಿದ್ದಾಗಲೇ ಕಲ್ತದ್ದಲ್ರೀ?" ಅಂದ.

ಕೈ ಛಲೋ ಇದೆ ಅನ್ನೋದಕ್ಕೆ ನನ್ನ ತಕರಾರಿಲ್ಲ. ಹೊಲದಲ್ಲಿ ಎದುರಿಗೆ ಬಸ್ ಬರೋದಿಲ್ಲ, ಅಷ್ಟೇ ವ್ಯತ್ಯಾಸ. 2019ರ ತಿದ್ದುಪಡಿಯ 199ಎ ಕಲಂ ಹೇಳಿದೆ. ಅಪ್ರಾಪ್ತ ಹುಡುಗ ತಪ್ಪು ಮಾಡಿದರೆ ಪೋಷಕ ಇಲ್ಲವೇ ಮಾಲೀಕನಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಜೈಲು ಅಂದಾಗ ನಕ್ಕ. ದಂಡ ಅಂದಾಗ ಬೀಡಿ ಹಚ್ಚಿದ. ಹುಡುಗನಿಗೆ 25 ವರ್ಷ ತುಂಬೋವರೆಗೂ ಲೈಸನ್ಸ್ ಸಿಗೋದಿಲ್ಲ ಅಂದಾಗ ಬೀಡಿ ಬಾಯಿಂದ ತೆಗೆದ. "ನಿಮ್ಮಂಗ ಸಾರಿಗಿಗೇ ಹಾಕ್ಬೇಕಂತ ಮಾಡೀನಲ್ರೀ ಅವನ್ನ!" ಚಹಾ ಅರ್ಧಕ್ಕೇ ಬಿಟ್ಟು ಫೋನ್ ಹಚ್ಚಿದ. ಹುಡುಗ ಎತ್ತಲಿಲ್ಲ. ಓಡಿಸುವಾಗ ಫೋನ್ ಎತ್ತದಷ್ಟು ಬುದ್ಧಿಯಾದರೂ ಇದೆ.

23 ನವೆಂಬರ್, ಭಾನುವಾರ

ಮೆಲ್ಬರ್ನ್‌ನಿಂದ ತಂಗಿಯ ಮಗಳು ಫೋನ್ ಮಾಡಿದ್ದಳು. ಅವಳ ಮಗನಿಗೆ ಅಲ್ಲಿ ಕೆಂಪು ಪಿ ಸಿಕ್ಕಿದೆಯಂತೆ. ಅದೇನು ಅಂತ ಕೂತು ಕೇಳಿದೆ. ಅವರ ವಿಕ್ಟೋರಿಯಾ ರಾಜ್ಯದಲ್ಲಿ 21 ತುಂಬದವರು ಎಲ್ ಬೋರ್ಡಿನಲ್ಲೇ 120 ಗಂಟೆ ಓಡಿಸಿ ಲೆಕ್ಕ ಬರೆದಿಡಬೇಕು, ಅದರಲ್ಲಿ 20 ಗಂಟೆ ರಾತ್ರಿ. ಆಮೇಲೆ ಪರೀಕ್ಷೆ. ಪಾಸಾದರೂ ಮೊದಲ ವರ್ಷ ಕೆಂಪು ಪಿ, ಮುಂದಿನ ಮೂರು ವರ್ಷ ಹಸಿರು ಪಿ. ಅಷ್ಟೂ ಕಾಲ ಒಂದು ಹನಿ ಮದ್ಯ ಕುಡಿದು ಓಡಿಸುವ ಹಾಗಿಲ್ಲ. ಕೆಂಪು ಪಿ ಇರುವಾಗ ಓರಗೆಯವರನ್ನು ಒಬ್ಬರಿಗಿಂತ ಹೆಚ್ಚು ಕೂಡಿಸಿಕೊಳ್ಳುವಂತಿಲ್ಲ. "ಮಾಮಾ, ಇಲ್ಲಿ ಮಕ್ಕಳ ಲೈಸನ್ಸು ಅಂದ್ರೆ ತಂದಿ-ತಾಯಿಗೇ ಪರೀಕ್ಷಾ" ಅಂದಳು.

ನಮ್ಮಲ್ಲಿ ಎಲ್‌ಎಲ್‌ಆರ್ ಆಗಿ 30 ದಿನ ಕಳೆದರೆ ಪರೀಕ್ಷೆಗೆ ಹೋಗಬಹುದು. ಆ 30 ದಿನದಲ್ಲಿ ಒಂದು ಗಂಟೆಯಾದರೂ ಓಡಿಸಿದೆಯಾ ಅಂತ ಕೇಳುವವರಿಲ್ಲ. ಪಾಸಾದ ಮೇಲಂತೂ ಮುಗಿದೇಹೋಯಿತು: 18 ದಾಟಿದ ಹುಡುಗ ಕಾರ್ಡ್ ಬಂದ ರಾತ್ರಿಯೇ ನಾಲ್ಕು ಮಂದಿ ಗೆಳೆಯರನ್ನು ತುಂಬಿಕೊಂಡು ಹೈದರಾಬಾದಿಗೆ ಹೋದರೂ ಕಾನೂನಿನ ಅಡ್ಡಿಯಿಲ್ಲ. ನಿರ್ಬಂಧವೆಲ್ಲ ಪಕ್ಕದಲ್ಲಿ ಯಾರೋ ಇರುವಾಗ. ಒಬ್ಬನೇ ಆದಾಗ ಒಂದೂ ಇಲ್ಲ.

ಮೊದಲ ವರ್ಷದ ಬೆಲೆ ಸರ್ಕಾರಕ್ಕೆ ಗೊತ್ತಿಲ್ಲ ಅಂತಲ್ಲ. ಬಸ್ಸು, ಲಾರಿಯ ಎಲ್‌ಎಲ್‌ಆರ್ ಬೇಕಾದರೆ ಲಘು ವಾಹನದ ಲೈಸನ್ಸ್ ಕೈಗೆ ಬಂದು ಒಂದು ವರ್ಷ ಆಗಿರಬೇಕು, 1988ರ ಕಾಯ್ದೆಯ 7ನೇ ಕಲಂನಲ್ಲೇ ಇದೆ. ವಯಸ್ಸು 20 ಆಗಿರಬೇಕು. ಈಶಾನ್ಯ ಸಾರಿಗೆ ಅಂತಿದ್ದ ನಮ್ಮ ನಿಗಮ ಈಗ ಕಲ್ಯಾಣ ಕರ್ನಾಟಕ ಆಗಿದೆ. ಹೆಸರು ಏನೇ ಇರಲಿ, ನಮ್ಮ ಡಿಪೋದಲ್ಲಿ ಹೊಸಬನಿಗೆ ಬಂದ ಕೂಡಲೇ ಬೆಂಗಳೂರಿನ ನೈಟ್ ಶೆಡ್ಯೂಲ್ ಕೊಡುತ್ತಿರಲಿಲ್ಲ. ಹಳ್ಳಿ ರೂಟಿನಲ್ಲಿ ತಿರುಗಿಸಿ ತಿರುಗಿಸಿ ಕೈ ನೋಡುತ್ತಿದ್ದರು. ಪ್ರಯಾಣಿಕರನ್ನು ಹೊತ್ತ ಡ್ರೈವರಿಗೆ ಇರುವ ಈ ಕಾಳಜಿ ಮನೆಯ ಮಕ್ಕಳ ಪಾಲಿಗೆ ಯಾಕಿಲ್ಲ?

9 ಡಿಸೆಂಬರ್, ಮಂಗಳವಾರ

ರಾಯಚೂರು ಆರ್‌ಟಿಒ. ಸ್ಕೂಟಿಯಲ್ಲಿ ಎಂಟು ಹಾಕಿದಳು, ಕಾಲು ಊರಲಿಲ್ಲ. ಕಾರಿನ ರಿವರ್ಸೂ ಸರಿಯಾಯಿತು. ಪಾಸ್. ಮುಂದಿದ್ದ ಮಾನ್ವಿ ಕಡೆಯ ಹುಡುಗ ಫೇಲಾಗಿ ನಾಳೆ ಬರಲಾ ಅಂತ ಕೇಳುತ್ತಿದ್ದ. 7 ದಿನ ಬಿಟ್ಟು ಬರಬೇಕು. ಮೂರು ಸಲ ಹೋದರೆ ಕೊನೆಯ ಪರೀಕ್ಷೆಯಿಂದ 60 ದಿನ ಕಾಯಬೇಕು. ವಾಪಸ್ ಬರುವಾಗ ಕಲ್ಮಲಾದಲ್ಲಿ ಮಿರ್ಚಿ ತಿಂದೆವು.

19 ಡಿಸೆಂಬರ್, ಶುಕ್ರವಾರ, ಎಳ್ಳ ಅಮಾವಾಸ್ಯೆ

ಕಾರ್ಡ್ ಮೊನ್ನೆ ಅಂಚೆಯಲ್ಲಿ ಬಂತು. ಎಲ್ ಬೋರ್ಡ್ ತಾನೇ ಬಿಚ್ಚಿದಳು. ಚರಗ ಚೆಲ್ಲಲು ಹೊಲಕ್ಕೆ ಇವತ್ತು ಕಾರು ಅವಳದೇ. ಸಜ್ಜಿ ರೊಟ್ಟಿ, ಭರ್ತ, ಪುಂಡಿಪಲ್ಯ, ಎಳ್ಳ ಹೋಳಿಗೆಯ ಬುಟ್ಟಿ ಹಿಂದೆ. ಸೊಸೆ, ನನ್ನಾಕೆ, ಸಣ್ಣವನು ನಡುವೆ. ನಾನು ಎಡಗಡೆ.

ಕಾಲುವೆ ದಂಡೆಯ ಮೇಲೆ ಒಂದೇ ಗಾಡಿಗೆ ಸಾಲುವಷ್ಟು ದಾರಿ. ಎದುರಿಗೆ ಜನ ತುಂಬಿದ ಟ್ರ್ಯಾಕ್ಟರ್ ಬಂತು. ಟ್ರಾಲಿ ಹಿಂದೆ ತಗೊಳ್ಳೋದು ಕಷ್ಟ, ಹಾಗಾಗಿ ನಾವೇ ಹೋಗಬೇಕು. ಹಿಂದಿನ ಗಾಜಿನ ತುಂಬ ಬುಟ್ಟಿ, ಏನೂ ಕಾಣೋದಿಲ್ಲ. ನನ್ನಾಕೆ ಎಲ್ಲಮ್ಮನನ್ನು ನೆನೆದಳು. ಹುಡುಗಿ ಕಾರು ನಿಲ್ಲಿಸಿ, "ಎಲ್ಲಾರೂ ಇಳೀರಿ, ತಾತ ಹಿಂದ ನಿಂತು ಕೈ ಮಾಡ್ತಾನ" ಅಂದಳು. ನಾನು ಕಲಿಸಿದ್ದಲ್ಲ ಅದು. ಇಳಿದೆವು. ನಾನು ಕಂಡಕ್ಟರನ ಹಾಗೆ ಸೀಟಿ ಹಾಕುತ್ತಾ ಹಿಂದೆ ನಡೆದೆ, ಅವಳು ಕಲ್ಲುಸೇತುವೆಯ ತನಕ ನೆಟ್ಟಗೆ ಬಂದಳು.

ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ತೆಗೆದಳು. ಡಿಸೆಂಬರ್ 31ರ ರಾತ್ರಿ ಗೆಳತಿಯರ ಜೊತೆ ಮಂತ್ರಾಲಯಕ್ಕೆ ಹೋಗಬೇಕಂತೆ, ಅವಳೇ ಡ್ರೈವರ್. ಕಾರ್ಡ್ ತಟ್ಟೆಯ ಪಕ್ಕದಲ್ಲಿಟ್ಟು, "ಇದರಾಗ ಎಲ್ಲಿ ಬರ್ದದ ಬ್ಯಾಡ ಅಂತ?" ಅಂದಳು. ಎಲ್ಲೂ ಬರೆದಿಲ್ಲ. ಬರೆಯದವರ ಬದಲು ನಾನು ಹೇಳಿದೆ: ಒಂದು ವರ್ಷ ರಾತ್ರಿ ಹೈವೇ ಇಲ್ಲ, ಗೆಳತಿಯರಲ್ಲಿ ಒಬ್ಬಳಷ್ಟೇ, ಹೊರಡೋದು ಬೆಳಕು ಹರಿದ ಮೇಲೆ. ನಾಲ್ವರಿಂದ ಇಬ್ಬರಿಗೆ ಇಳಿದಿದ್ದಾಳೆ. ಬೆಳಗಿನ ಐದಕ್ಕೆ ಹೊರಡ್ತೀನಿ ಅಂತಾಳೆ, ನಾನು ಏಳಕ್ಕೆ ಅಂತ ಕೂತಿದ್ದೀನಿ. ಶನಿವಾರ ಅವಳಪ್ಪ ಬಂದ ಮೇಲೆ ಮುಂದಿನ ಮಾತು. ಅವನು ಯಾವತ್ತೂ ಮಗಳ ಕಡೆಯೇ.