ಹಾಡಿದವರ ಹೆಸರೇನು?

ಅರಸೀಕೆರೆ ಜಂಕ್ಷನ್ನಿನಲ್ಲಿ ಗಾಡಿ ನಿಂತಿತೆಂದರೆ ಪ್ರಯಾಣಿಕರ ಕಿವಿಗೆ ಮೊದಲು ಬೀಳುವುದು ಕಾಫಿ, ವಡೆಯ ಕೂಗು. ಬೆಂಗಳೂರಿನಿಂದ ಬಂದ ಹಳಿ ಇಲ್ಲಿ ಕವಲೊಡೆಯುತ್ತದೆ. ಒಂದು ಬೀರೂರು ದಾಟಿ ಹುಬ್ಬಳ್ಳಿಯತ್ತ ಹೋದರೆ ಇನ್ನೊಂದು ಹಾಸನದ ಮೂಲಕ ಮೈಸೂರಿನತ್ತ ತಿರುಗುತ್ತದೆ. ಇಳಿಯುವವರು, ಹತ್ತುವವರು, ಗಾಡಿ ಬದಲಿಸುವವರು, ತೆಂಗಿನಕಾಯಿ-ಕೊಬ್ಬರಿ ವ್ಯಾಪಾರಕ್ಕೆ ಬಂದವರು. ಈ ಗದ್ದಲದ ನಡುವೆ ಒಬ್ಬ ಹಾಡುಗಾರ ಏಕತಾರಿ ಮೀಟಿ ತತ್ತ್ವಪದ ಎತ್ತಿಕೊಂಡರೆ ಎಷ್ಟು ಮಂದಿ ನಿಂತು ಕೇಳಿಯಾರು?

ಇಂಥದೇ ಪ್ರಶ್ನೆಗೆ ಅಮೆರಿಕದಲ್ಲಿ ಒಮ್ಮೆ ಉತ್ತರ ಹುಡುಕಿದ್ದರು. 2007ರ ಜನವರಿಯಲ್ಲಿ ವಾಷಿಂಗ್ಟನ್ನಿನ ಮೆಟ್ರೊ ನಿಲ್ದಾಣವೊಂದರಲ್ಲಿ ಹೆಸರಾಂತ ಪಿಟೀಲು ವಾದಕ ಜೋಶುವಾ ಬೆಲ್ ಸಾಧಾರಣ ಉಡುಪಿನಲ್ಲಿ ನಿಂತು 43 ನಿಮಿಷ ನುಡಿಸಿದರು. ಏರ್ಪಾಡು ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯದು. ಮರೆಯಲ್ಲಿಟ್ಟ ಕ್ಯಾಮೆರಾ ಎಲ್ಲವನ್ನೂ ಸೆರೆಹಿಡಿಯಿತು. ಹಾದುಹೋದವರು 1,097 ಮಂದಿ. ನಿಂತು ಕೇಳಿದವರು ಏಳೇ ಜನ. ಆದರೆ ಆ ದಾರಿಯಲ್ಲಿ ಬಂದ ಮಕ್ಕಳೆಲ್ಲ ನಿಲ್ಲಲು ನೋಡಿದರು. ಪ್ರತಿ ಸಲವೂ ತಂದೆಯೋ ತಾಯಿಯೋ ಕೈಹಿಡಿದು ಎಳೆದುಕೊಂಡು ಹೋದರು!

ನಮ್ಮ ನಾಡಿಗೆ ಇದು ಹೊಸ ಪ್ರಯೋಗವೇನಲ್ಲ. ಕಿನ್ನರಿ ಜೋಗಿಗಳು, ಚೌಡಿಕೆಯವರು, ಹೆಳವರು ಎಂದೂ ಕರೆಯೋಲೆ ಹಂಚಿ ಬಂದವರಲ್ಲ. ಸಂತೆಯೋ ಜಾತ್ರೆಯೋ ಮನೆಯ ಜಗಲಿಯೋ, ನಾಲ್ಕು ಜನ ಇದ್ದಲ್ಲಿ ಹಾಡು ಶುರುವಾಗುತ್ತಿತ್ತು. ಮೊರದಲ್ಲಿ ಕಾಳು ಬರುತ್ತಿತ್ತು. ಬದಲಾದದ್ದು ಕೇಳುವವರು. ಅದೇ ಹಾಡು ರೈಲು ಡಬ್ಬಿಯೊಳಗೆ ಬಂದಾಗ ಅದನ್ನು ಭಿಕ್ಷೆ ಎನ್ನುತ್ತೇವೆ. ಗಾಡಿಯಲ್ಲಿ ಬೇಡುವುದನ್ನು 1989ರ ರೈಲ್ವೆ ಕಾಯಿದೆ ನಿಷೇಧಿಸಿದೆ. ಜಾನಪದ ಉತ್ಸವದ ವೇದಿಕೆಯಲ್ಲಿ ಶಾಲು ಹೊದಿಸಿಕೊಳ್ಳುವ ಕಲೆಯೇ ಡಬ್ಬಿಯಲ್ಲಿ ಪೊಲೀಸರನ್ನು ಕಂಡರೆ ಮುದುಡಿಕೊಳ್ಳಬೇಕು.

ಈಗ ಕಾಲೇಜು ಹುಡುಗರ ಕೈಯಲ್ಲೆಲ್ಲ ಕ್ಯಾಮೆರಾ ಇರುವ ಫೋನು. ಜನಜಂಗುಳಿಯ ನಡುವೆ ಹಾಡುಗಾರರನ್ನು ನಿಲ್ಲಿಸಿ, ಜನ ಬೆರಗಾಗುವುದನ್ನು ಚಿತ್ರೀಕರಿಸುವ ಹುಮ್ಮಸ್ಸು ಮೆಚ್ಚತಕ್ಕದ್ದೇ. ಆದರೆ ವಾಷಿಂಗ್ಟನ್ನಿನ ಪ್ರಸಂಗದಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಸುದ್ದಿ ಗೊತ್ತಿಲ್ಲದಿದ್ದುದು ದಾರಿಹೋಕರಿಗೆ, ನುಡಿಸುತ್ತಿದ್ದವರಿಗಲ್ಲ. ಹಾಡುವವರಿಗೆ ಮೊದಲೇ ಹೇಳಬೇಕು, ಅವರು ಒಪ್ಪಬೇಕು. ಆ ದಿನದ ದುಡಿಮೆಗೆ ಕಡಿಮೆಯಾಗದಷ್ಟು ಸಂಭಾವನೆ ಕೊಡಬೇಕು. ನಿಲ್ದಾಣವಾದರೆ ರೈಲ್ವೆಯ ಅನುಮತಿಯೂ ಬೇಕು.

ಅರಸೀಕೆರೆಯಿಂದ ಬಸ್ಸು ಹಿಡಿದು ಜಾವಗಲ್ ಮಾರ್ಗವಾಗಿ ಹೊರಟರೆ ದಾರಿಯುದ್ದಕ್ಕೂ ತೆಂಗಿನ ತೋಟಗಳು. ಹೊರಡುವ ಮುನ್ನ ಊರಿನಲ್ಲೇ ಇರುವ, 1220ರ ಸುಮಾರಿಗೆ ಕಟ್ಟಿದ ಈಶ್ವರ ದೇವಾಲಯವನ್ನು ನೋಡಲು ಮರೆಯಬಾರದು. ನಕ್ಷತ್ರಾಕಾರದ ಅದರ ಮುಖಮಂಟಪ ಅಪರೂಪದ್ದು. ಜಾವಗಲ್ ದಾಟಿದ ಮೇಲೆ ಸಿಗುವುದೇ ಹಳೇಬೀಡು, ಹೊಯ್ಸಳರ ರಾಜಧಾನಿಯಾಗಿದ್ದ ದೋರಸಮುದ್ರ.

ಹೊಯ್ಸಳೇಶ್ವರ ದೇವಾಲಯದ ಗೋಡೆಯ ಮುಂದೆ ನಿಂತ ಶಾಲಾ ಮಕ್ಕಳು ಆನೆಯ ಸಾಲು, ಕುದುರೆಯ ಸಾಲು ಎಣಿಸುತ್ತಾರೆ. ತುಸು ಮೇಲೆ ಕಣ್ಣು ಹಾಯಿಸಿದರೆ ಕುಣಿಯುವವರು, ಅವರ ಪಕ್ಕದಲ್ಲಿ ಮದ್ದಳೆ ಬಾರಿಸುವವರು, ತಾಳ ಹಾಕುವವರು. ಮದ್ದಳೆಯ ಬಾರು ಕೂಡ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಯಾವ ಪೆಟ್ಟು, ಯಾವ ಮಟ್ಟು? ಕಲ್ಲು ಅದನ್ನು ಹೇಳಲಾರದು. 1311ರಲ್ಲಿ ಮಲಿಕ್ ಕಾಫೂರನ ದಾಳಿಗೆ ಸಿಕ್ಕ ಈ ಊರಿನಲ್ಲಿ ವಾದ್ಯ ಉಳಿಯಿತು, ನಾದ ಹೋಯಿತು. ಕಲ್ಲಿಗೆ ಆಗದ ಆ ಕೆಲಸವನ್ನು ಇಂದಿನ ಪುಟ್ಟ ಯಂತ್ರ ಮಾಡಬಲ್ಲದು. ಅದಕ್ಕೇ ಮೂವತ್ತು ಸೆಕೆಂಡಿನ ತುಣುಕು ಸಾಲದು. ಇರುಳಿಡೀ ಹಾಡುವ ಕಾವ್ಯಗಳ ನಾಡು ಇದು. ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಿಡಿಯಬೇಕು. ಬಸ್ಸಿನ ಹಾರನ್ನು ಮಾತನ್ನು ನುಂಗದಂತೆ ಮೈಕನ್ನು ಹಾಡುವವರ ಹತ್ತಿರವೇ ಇಡಬೇಕು.

ಇದೇ ಹಾಸನ ಜಿಲ್ಲೆಯ ಸಕಲೇಶಪುರದ ಎಸ್.ಕೆ. ಕರೀಂಖಾನರು ಫೋನು, ವಿಡಿಯೊ ಇಲ್ಲದ ಕಾಲದಲ್ಲಿ ಊರೂರು ತಿರುಗಿ ಹಾಡು ಕೂಡಿಹಾಕಿದರು. ಜನ ಅವರನ್ನು ‘ಜಾನಪದ ಜಂಗಮ’ ಎಂದೇ ಕರೆದರು. ಆಡಳಿತಾಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕದಲ್ಲಿ ಧ್ವನಿಮುದ್ರಿಕೆ, ವಿಡಿಯೊಗಳ ಸಂಗ್ರಹವೇ ಇದೆ. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ಅವರು ತೀರಿಕೊಂಡಾಗ ನಾಡು ಅವರನ್ನು ಹೆಸರು ಹಿಡಿದು ನೆನೆಯಿತು. ಹೆಸರು ತಿಳಿಯದೆ ಹೋದ ಹಾಡುಗಾರ್ತಿಯರು ಎಷ್ಟು ಮಂದಿಯೋ!

ಹೆಸರಿನ ಮಾತು ಬಂದಾಗ ಬೇಲೂರಿಗೇ ಹೋಗಬೇಕು. ಹಳೇಬೀಡಿನಿಂದ ಹದಿನಾರು ಕಿಲೋಮೀಟರ್. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಎರಡೂ ಊರಿನ ಈ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಟ್ರೈಪಾಡ್ ಊರಿ ಚಿತ್ರೀಕರಿಸಲು ಪುರಾತತ್ತ್ವ ಇಲಾಖೆಯ ಒಪ್ಪಿಗೆ ಬೇಕು. ಪ್ರವಾಸಿಗರು ಕತ್ತೆತ್ತಿ ದರ್ಪಣ ಸುಂದರಿಯನ್ನು ನೋಡುತ್ತಾರೆ. ಕೆಲವು ಮದನಿಕೆಯರ ಪೀಠದಲ್ಲಿರುವ ಹಳಗನ್ನಡದ ಅಕ್ಷರಗಳನ್ನು ಗಮನಿಸುವವರು ಕಡಿಮೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳು ತಮ್ಮ ಹೆಸರು, ಊರುಗಳನ್ನು ಅಲ್ಲಿ ಕೊರೆದಿದ್ದಾರೆ. ರಾಜನ ಕೀರ್ತಿಗಾಗಿ ಕಟ್ಟಿದ ಗುಡಿಯಲ್ಲೂ ಉಳಿ ಹಿಡಿದವನ ಹೆಸರಿಗೆ ಜಾಗವಿತ್ತು.

ಒಂಬೈನೂರು ವರ್ಷಗಳ ಬಳಿಕ, ಸಂತೆಯಲ್ಲಿ ಹಾಡಿದ ಮುದುಕಿಯ ದನಿ ಫೋನಿನಿಂದ ಫೋನಿಗೆ ಹಾರುತ್ತದೆ. ಚಿತ್ರ ತೆಗೆದವನ ಹೆಸರು ಅದರ ಮೇಲೆ ದಪ್ಪಕ್ಷರದಲ್ಲಿರುತ್ತದೆ. ಹಾಡಿದವಳು ಮಾತ್ರ ‘ಯಾರೋ ಅಜ್ಜಿ’.

ರಜೆಯಲ್ಲಿ ಈ ದಾರಿ ಹಿಡಿಯುವ ವಿದ್ಯಾರ್ಥಿಗಳು ಕ್ಯಾಮೆರಾದ ಜೊತೆಗೊಂದು ಪುಟ್ಟ ನೋಟುಪುಸ್ತಕ ಒಯ್ಯಲಿ. ಹಾಡಿದವರ ಹೆಸರು, ಊರು, ಹಾಡು ಕಲಿಸಿದವರು ಯಾರು ಎಂಬುದನ್ನು ಕೇಳಿ, ಅವರು ಒಪ್ಪಿದರೆ ಬರೆದುಕೊಳ್ಳಲಿ. ತೆಗೆದ ಚಿತ್ರವನ್ನು ಮೊದಲು ಅವರಿಗೇ ತೋರಿಸಲಿ. ಹಾಡು ಕೇಳಲೆಂದು ಮಗು ಪ್ಲಾಟ್‌ಫಾರಂ ಮೇಲೆ ನಿಂತರೆ, ಗಾಡಿಗೆ ಇನ್ನೂ ಹೊತ್ತಿದ್ದರೆ, ಅಪ್ಪ-ಅಮ್ಮಂದಿರು ಕೈ ಎಳೆಯದೆ ತಾವೂ ಜೊತೆಗೆ ನಿಲ್ಲಲಿ.